ಕಿಟಕಿಯಿಂದ ಕಾಣುತ್ತಿದ್ದ ಕ್ರೇನ್

ನನಗೆ ಗಾಳಿಯೆಂದರೆ ಭಯ. ಕಡಲ ಬದಿಯಲ್ಲಿ ಹುಟ್ಟಿ ಬೆಳೆದವಳು ಹೀಗೆ ಹೇಳಿದರೆ ಊರಲ್ಲಿ ನಗುತ್ತಾರೆ. ನಗಲಿ. ನಗುವವರ ಗಂಡಂದಿರು ಯಾರೂ ಕಬ್ಬಿಣದ ಕಂಬದ ತುದಿಯಲ್ಲಿ, ಗಾಜಿನ ಗೂಡಿನಂಥ ಕ್ಯಾಬಿನ್ನಿನಲ್ಲಿ ಕೂತು ದುಡಿಯುವುದಿಲ್ಲ. ನನ್ನವರು ಟವರ್ ಕ್ರೇನ್ ಆಪರೇಟರ್.

ಇಲ್ಲಿ ಗಲ್ಫಿನಲ್ಲಿ, ಗುದೈಬಿಯಾ ಎಂಬ ಕಡೆ ಹಳೆಯ ಕಟ್ಟಡವೊಂದರ ಮೇಲಿನ ಮಹಡಿಯಲ್ಲಿ ನಮ್ಮ ಫ್ಲ್ಯಾಟು. ಹಾಲ್‌ನ ಕಿಟಕಿಯಲ್ಲಿ ನಿಂತರೆ ಅಕ್ಕಪಕ್ಕದ ತಾರಸಿಗಳ ನೀರಿನ ಟ್ಯಾಂಕು, ಡಿಶ್ ಆಂಟೆನಾಗಳ ಆಚೆಗೆ ಅವರ ಕ್ರೇನ್ ಕಾಣುತ್ತಿತ್ತು. ಮೊದಮೊದಲು ಅದೊಂದು ಸಂಭ್ರಮ. ಮಗಳು ಹಾಲು ಕುಡಿಯುತ್ತಾ 'ಹಾಯ್ ಪಪ್ಪಾ' ಎಂದು ಅದಕ್ಕೇ ಕೈ ಬೀಸುತ್ತಿದ್ದಳು. ಬೇಸಿಗೆ ಶುರುವಾಗುವ ಮುಂಚಿನ ಬಿರುಮಳೆಗಳನ್ನು ಕಂಡ ಮೇಲೆ ನನ್ನ ಸಂಭ್ರಮವೆಲ್ಲ ಇಳಿದುಹೋಯಿತು. ಇಲ್ಲಿಯವರು ಅದನ್ನು ಸರಾಯಾತ್ ಎನ್ನುತ್ತಾರೆ. ಬೆಳಿಗ್ಗೆ ನೆತ್ತಿ ಸುಡುವ ಬಿಸಿಲಿರುತ್ತದೆ, ಊಟದ ಹೊತ್ತಿಗೆ ಆಕಾಶ ಮಣ್ಣಿನ ಬಣ್ಣಕ್ಕೆ ತಿರುಗಿ ಗಾಳಿ ನುಗ್ಗುತ್ತದೆ.

ಒಂದು ವರ್ಷ ಸಮುದ್ರದ ಮೇಲೆ ಸುಂಟರಗಾಳಿ ಇಳಿದ ವಿಡಿಯೋ ನಮ್ಮ ವಾಟ್ಸಾಪ್ ಗ್ರೂಪಿಗೆ ಬಂತು. ಮೋಡದಿಂದ ನೀರಿನವರೆಗೆ ಒಂದು ಕಪ್ಪು ಕಂಬ, ಅದು ನಡೆಯುತ್ತಿತ್ತು. ಎಲ್ಲರೂ ಕೈಮುಗಿದ ಚಿತ್ರ ಹಾಕಿದರು, ಅದರ ಬೆನ್ನಿಗೇ ಯಾರೋ ಬಂಗುಡೆ ಮೀನು ಎಲ್ಲಿ ಚೆನ್ನಾಗಿ ಸಿಗುತ್ತದೆಂದು ಕೇಳಿದರು. ನನಗೆ ಮಾತ್ರ ಊಟ ಸೇರಲಿಲ್ಲ.

"ಅದು ಹೆಚ್ಚಾಗಿ ದಡಕ್ಕೆ ಬರುವುದಿಲ್ಲ ಮಾರಾಯ್ತಿ" ಎಂದರು ಇವರು.

"ಹೆಚ್ಚಾಗಿ ಅಂದ್ರೆ ಎಂತ? ಕೆಲವು ಸಲ ಬರ್ತದಾ?"

ಮರುದಿನ ಶುಕ್ರವಾರ, ರಜೆ. ಅವರೇ ನಿಂತು ಮನೆಯನ್ನು ಗಾಳಿಗೆ ಸಿದ್ಧ ಮಾಡಿದರು. ಮೊಬೈಲಿಗೆ ಎಚ್ಚರಿಕೆ ಬಂದ ಕೂಡಲೇ ಬಾಲ್ಕನಿಯ ಬಟ್ಟೆ ಸ್ಟ್ಯಾಂಡೂ ತುಳಸಿ ಕುಂಡವೂ ಒಳಗೆ ಬರಬೇಕು, ಗ್ಯಾಸ್ ಬಂದ್ ಆಗಬೇಕು. ಆಮೇಲೆ ಹಾಲ್‌ನ ಬಾಗಿಲು ಹಾಕಿಕೊಂಡು ಅಡುಗೆಮನೆಗೂ ಬಚ್ಚಲಿಗೂ ನಡುವಿನ ಪ್ಯಾಸೇಜಿನಲ್ಲಿ ಕೂರಬೇಕು. ಇಡೀ ಮನೆಯಲ್ಲಿ ಕಿಟಕಿ ಇಲ್ಲದ ಜಾಗ ಅದೊಂದೇ. ಟಾರ್ಚು, ನೀರು, ಗಾಜು ಒಡೆದರೆ ಕಾಲಿಗೆಂದು ಚಪ್ಪಲಿ, ತಲೆಗೆ ಅಡ್ಡ ಹಿಡಿಯಲು ದಿಂಬು. ಮಗಳಿಗೆ ಅದೆಲ್ಲ ಆಟ. ದಿಂಬು ಹೊತ್ತು ಕೂತು ಕಿಲಕಿಲ ನಕ್ಕಳು.

"ಮತ್ತೆ ನೀವು?" ಎಂದು ಕೇಳಿದೆ.

ಅವರು ನನ್ನನ್ನು ಕಿಟಕಿಯ ಹತ್ತಿರ ಕರೆದುಕೊಂಡು ಹೋದರು. "ನೋಡು, ಗಾಳಿ ಜೋರಾದ್ರೆ ನಾವು ಲೋಡ್ ಇಳಿಸಿ, ಕೈ ತಿರುಗದ ಹಾಗೆ ಹಿಡಿಯುವ ಬ್ರೇಕ್ ಬಿಟ್ಟು ಕೆಳಗೆ ಬರುವುದು. ಆಗ ಕ್ರೇನಿನ ಉದ್ದ ಕೈ ಗಾಳಿ ಹೋಗುವ ಕಡೆಗೆ ತನ್ನಷ್ಟಕ್ಕೇ ತಿರುಗ್ತದೆ. ತಿರುಗಿದ್ರೆ ಒಳ್ಳೇದು. ನಾನು ಇಳೀತಾ ಇದ್ದೇನೆ ಅಂತ ಲೆಕ್ಕ."

"ತಿರುಗದಿದ್ರೆ?"

"ನೀನು ಪ್ಯಾಸೇಜಿನಲ್ಲಿ ಇರ್ತಿ ಅಲ್ವಾ, ನಿನಗೆಂತಕ್ಕೆ ಅದು?"

ಇಷ್ಟು ಹೇಳಿಕೊಟ್ಟವರು ಆ ತಿರುಗುವ ಲೆಕ್ಕವೊಂದನ್ನು ಹೇಳಿಕೊಡಬಾರದಿತ್ತು.

ಮುಂದಿನ ಸರಾಯಾತ್ ಕೆಲವು ದಿನಗಳ ಮೇಲೆ, ಒಂದು ಮಧ್ಯಾಹ್ನ ಬಂತು. ಮಗಳು ಆಗಷ್ಟೇ ಸ್ಕೂಲಿನಿಂದ ಬಂದಿದ್ದಳು. ಮೊಬೈಲು ಕೂಗಿಕೊಂಡಿತು. ಸ್ಟ್ಯಾಂಡು, ಕುಂಡ, ಗ್ಯಾಸು, ಎಲ್ಲ ಮುಗಿಸಿ ಮಗಳನ್ನು ಪ್ಯಾಸೇಜಿನಲ್ಲಿ ಕೂರಿಸಿ ದಿಂಬು ಕೊಟ್ಟೆ. ನಾನೂ ಕೂತೆ. ಕೂತಿರಲಾಗಲಿಲ್ಲ. ಒಂದು ಸಲ ನೋಡಿ ಬರುತ್ತೇನೆಂದು ಕಿಟಕಿಗೆ ಓಡಿದೆ.

ಕ್ರೇನ್ ತಿರುಗುತ್ತಿರಲಿಲ್ಲ. ದೂಳಿನ ನಡುವೆ ಅದರ ಕೈ ಕಡಲ ಕಡೆಗೆ ನೆಟ್ಟಗೆ ಚಾಚಿಕೊಂಡು ನಿಂತಿತ್ತು. ಕೊಕ್ಕೆಯಲ್ಲಿ ಏನೋ ಅಗಲವಾದದ್ದು ತೂಗಾಡುತ್ತಿತ್ತು. ಎದುರಿನ ತಾರಸಿಯಿಂದ ತಗಡೊಂದು ಎದ್ದು ಗಾಳಿಯಲ್ಲಿ ಮಗುಚುತ್ತಾ ಹೋಯಿತು. ನನ್ನ ಕೈಯಡಿಯಲ್ಲಿ ಗಾಜು ನಡುಗುತ್ತಿತ್ತು. ಫೋನ್ ಮಾಡಲು ಧೈರ್ಯವಾಗಲಿಲ್ಲ. ರಿಂಗಾಗಿ ಅವರ ಗಮನ ತಪ್ಪಿದರೆ? ತಿರುಗು, ತಿರುಗು ಎಂದು ಬೇಡಿಕೊಂಡೆ. ದೇವರ ಹೆಸರು ಒಂದೂ ನೆನಪಾಗಲಿಲ್ಲ. ಪ್ಯಾಸೇಜಿನಿಂದ ಮಗಳು "ಅಮ್ಮಾ, ಕಮ್ ಬ್ಯಾಕ್!" ಎಂದು ಅಳುತ್ತಿದ್ದಳು. ಬಂದೆ ಬಂದೆ ಎನ್ನುತ್ತಲೇ ನಾನು ಕದಲಲಿಲ್ಲ.

ದೂಳು ಎಲ್ಲವನ್ನೂ ಮುಚ್ಚಿತು. ಮಳೆ ಬಿದ್ದು ಅದು ಸ್ವಲ್ಪ ತೊಳೆದುಹೋದಾಗ ಕ್ರೇನಿನ ಕೈ ಬೇರೆ ದಿಕ್ಕಿನಲ್ಲಿತ್ತು. ನಿಧಾನವಾಗಿ, ಸೋಮಾರಿಯ ಹಾಗೆ, ಇನ್ನೂ ತಿರುಗುತ್ತಿತ್ತು. ನಾನು ನೆಲದ ಮೇಲೆ ಕೂತು ಗಟ್ಟಿಯಾಗಿ ಅತ್ತೆ.

ಅವರು ಮನೆಗೆ ಬಂದಾಗ ಪ್ಯಾಂಟು ಮೊಣಕಾಲಿನವರೆಗೆ ಒದ್ದೆ. ಬೀದಿಯೆಲ್ಲ ನೀರು ನಿಂತಿತ್ತಂತೆ. ಫೋರ್‌ಮನ್ ಇನ್ನೊಂದು, ಇನ್ನೊಂದೇ ಎಂದು ಗಾಳಿ ಎದ್ದ ಮೇಲೂ ಅಗಲದ ಶೀಟು ಎತ್ತಿಸಿದ್ದನಂತೆ. ಅದನ್ನು ಇಳಿಸದೆ ಬ್ರೇಕ್ ಬಿಡುವ ಹಾಗಿರಲಿಲ್ಲ. ಅವರು ಚಹಾ ಕೇಳಿದರು. ಲೋಟ ಮುಂದಿಟ್ಟೆ, ಕುಡಿಯದೆ ಕೂತರು, ಚಹಾ ಕೆನೆಗಟ್ಟಿತು. ನಾವಿಬ್ಬರೂ ಅದನ್ನು ನೋಡಿಯೂ ನೋಡದವರ ಹಾಗೆ ಇದ್ದೆವು.

"ಅಮ್ಮ ವಿಂಡೋ ಹತ್ರ ನಿಂತಿದ್ಳು" ಎಂದು ಮಗಳು ಚಾಡಿ ಹೇಳಿದಳು.

ಅವರಿಗೆ ಎಲ್ಲಿಲ್ಲದ ಸಿಟ್ಟು ಬಂತು. "ಗಾಜು ಒಡೆದಿದ್ರೆ? ಮಗುವನ್ನು ಬಿಟ್ಟು? ನಾನು ಮೇಲೆ ಯಾವ ಧೈರ್ಯದಲ್ಲಿ ಕೂರುವುದು ಹೇಳು!"

ನಾನು ತುಳಸಿ ಕುಂಡವನ್ನು ಎತ್ತಿ ಮತ್ತೆ ಬಾಲ್ಕನಿಗೆ ಇಟ್ಟು ಬಂದೆ.

ಈ ವರ್ಷ ಅವರ ಸೈಟು ಬದಲಾಯಿತು. ಈಗಿನದು ದೂರ, ಹೊಸದಾಗಿ ಸಮುದ್ರಕ್ಕೆ ಮಣ್ಣು ತುಂಬಿದ ಜಾಗದಲ್ಲಿ. ನಮ್ಮ ಯಾವ ಕಿಟಕಿಯಿಂದಲೂ ಕಾಣುವುದಿಲ್ಲ. ಇನ್ನು ಹೇಳಿದ ಹಾಗೆ ಪ್ಯಾಸೇಜಿನಲ್ಲಿ ಕೂರುತ್ತಾಳೆ ಎಂದು ಅವರಿಗೆ ನೆಮ್ಮದಿ.

ಮೊನ್ನೆ ಮತ್ತೆ ಮೊಬೈಲು ಕೂಗಿತು. ಎಲ್ಲವನ್ನೂ ಅವರು ಹೇಳಿಕೊಟ್ಟ ಹಾಗೆಯೇ ಮಾಡಿದೆ. ಹಾಲ್‌ನ ಬಾಗಿಲು ಹಾಕಿ ಮಗಳನ್ನು ಮಡಿಲಿಗೆ ಎಳೆದುಕೊಂಡು ಗೋಡೆಗೆ ಮುಖ ಮಾಡಿ ಕೂತೆ. ಕರೆಂಟು ಹೋಯಿತು. ಮೇಲೆ ತಾರಸಿಯಲ್ಲಿ ಏನೋ ಉರುಳಾಡುತ್ತಿತ್ತು. ಮಗಳು ದಿಂಬಿನ ಕೆಳಗಿನಿಂದ ಕೇಳಿದಳು, "ಅಮ್ಮಾ, ಪಪ್ಪನ ಕ್ರೇನ್ ತಿರುಗಿತಾ?"

"ತಿರುಗಿತು ಮಗಾ, ಈಗಷ್ಟೇ ತಿರುಗಿತು" ಎಂದೆ, ಗೋಡೆಯನ್ನೇ ನೋಡುತ್ತಾ.