ಕೆಂಪು ಗೆರೆ ಎಳೆದ ಹೆಸರುಗಳು

ಒಂದು ಕಡೆ ನೆಟ್ಟಗೆ ಕೂರುವ ಜಾಯಮಾನ ನನ್ನದಲ್ಲ. ಎಪ್ಪತ್ತರ ದಶಕದಲ್ಲಿ ಕೆ.ಆರ್. ನಗರದ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರದ ಪಾಠ ಮಾಡುತ್ತಿದ್ದಾಗಲೂ ಗಂಟೆ ಹೊಡೆಯುವ ಮೊದಲೇ ಸೀಮೆಸುಣ್ಣ ಕೆಳಗಿಟ್ಟು ಬಾಗಿಲ ಹತ್ತಿರ ನಿಂತಿರುತ್ತಿದ್ದೆ. ಇಂಥವನಿಗೆ ಆ ದಿನಗಳಲ್ಲೇ ಒಂದು ಸಮಿತಿಯವರು ಕೆಲಸ ಹಚ್ಚಿದರು. ಕಾಡಂಚಿನ ಬುಡಕಟ್ಟು ಜನರ ಹಾಡಿಗಳ ಹೆಣ್ಣುಮಕ್ಕಳು ಎಸ್ಸೆಸ್ಸೆಲ್ಸಿ ದಾಟಿ ಕಾಲೇಜು ಮೆಟ್ಟಿಲು ಹತ್ತಲಿ ಎಂದು ಅವರು ಸರಗೂರಿನ ಬಳಿ ಒಂದು ಹಾಸ್ಟೆಲ್ ನಡೆಸುತ್ತಿದ್ದರು. ಊಟ, ವಸತಿ, ಸಂಜೆ ಪಾಠ ಎಲ್ಲ ಪುಕ್ಕಟೆ. ಅದರಿಂದ ಉಪಯೋಗವಾಗುತ್ತಿದೆಯೇ ಎಂದು ನೋಡಿ ನಾನು ವರದಿ ಬರೆಯಬೇಕಿತ್ತು.

ಫಲಿತಾಂಶ ಬಂದ ಮೇಲೆ ಜೂನಿನಲ್ಲಿ ಹೋದೆ. ವಾರ್ಡನಮ್ಮ ಮಜ್ಜಿಗೆ ಕೊಟ್ಟು ಹಾಜರಿ ಪುಸ್ತಕ ಮುಂದಿಟ್ಟರು. ಪರೀಕ್ಷೆಗೆ ಕೂತವರೆಲ್ಲ ಪಾಸಾಗಿದ್ದರು, ಎಲ್ಲರೂ ಹುಣಸೂರಿನಲ್ಲಿ ಕಾಲೇಜು ಸೇರುವವರಿದ್ದರು. ಆದರೆ ಪುಸ್ತಕದಲ್ಲಿ ಅರ್ಧಕ್ಕರ್ಧ ಹೆಸರುಗಳ ಮೇಲೆ ಕೆಂಪು ಗೆರೆ ಎಳೆದಿತ್ತು.

"ಇವರೆಲ್ಲ?" ಎಂದೆ.

"ಬಿಟ್ಟೋದೋರು ಸಾರ್. ಒಂದು ತಿಂಗಳು ಬರ್ದೇ ಇದ್ರೆ ಹೆಸ್ರು ಹೊಡೆದಾಕೋದು ನಮ್ಮ ಕ್ರಮ. ಅವ್ರ ಗೋಜು ನಿಮಗ್ಯಾಕೆ?"

ನನಗೆ ಬಸ್ಸಿನ ಚಿಂತೆ. ಗೆರೆಯಿಲ್ಲದ ಹೆಸರುಗಳನ್ನಷ್ಟೇ ಬರೆದುಕೊಂಡು ಹೊರಟೆ. ಗೆರೆ ಬಿದ್ದವರನ್ನು ಸಮಿತಿಯವರು ಕಲ್ಲೆಂದು ಹೆಕ್ಕಿ ಎಸೆದು, ಉಳಿದದ್ದನ್ನು ತೋರಿಸಿ ಅಕ್ಕಿ ಎಷ್ಟು ಚೊಕ್ಕವಾಗಿದೆ ಎನ್ನುತ್ತಿದ್ದರು. ನಾನು ಹೌದೆಂದು ತಲೆಯಾಡಿಸಿದೆ. ನನ್ನ ವಿದ್ಯಾರ್ಥಿ ಯಾರಾದರೂ ಹೀಗೆ ಲೆಕ್ಕ ಮಾಡಿದ್ದರೆ ನಿಲ್ಲಿಸಿ ಬೈಯುತ್ತಿದ್ದೆ.

ಬಸ್ಸು ತಡವಾಯಿತು. ಸುಮ್ಮನೆ ಕೂರಲಾಗದೆ ಹೋಟೆಲಿನ ಬೆಂಚಿನ ಮೇಲೇ ವರದಿ ಬರೆದು ಮುಗಿಸಿದೆ. 'ನಡುವೆ ಬಿಟ್ಟವರು ಓದಿನಲ್ಲಿ ಆಸಕ್ತಿ ಇಲ್ಲದವರು' ಎಂದು ಒಂದು ವಾಕ್ಯವನ್ನೂ ಸೇರಿಸಿದೆ. ಯಾರನ್ನು ಕೇಳಿ ಬರೆದೆ? ಯಾರನ್ನೂ ಕೇಳಿರಲಿಲ್ಲ.

ಅಷ್ಟರಲ್ಲಿ ಒಬ್ಬ ಹುಡುಗಿ ಏದುಸಿರು ಬಿಡುತ್ತಾ ಬಂದಳು. ನಾನು ಬರುವ ಸುದ್ದಿ ಮೊದಲೇ ತಿಳಿದು ಬೆಳಿಗ್ಗೆಯೇ ಹಾಡಿಯಿಂದ ಹೊರಟು ನಡೆದೇ ಬಂದಿದ್ದಳು.

"ನನ್ ಹೆಸ್ರಿಗೆ ಗೆರೆ ಎಳ್ದವ್ರೆ ಸಾರ್. ನಾನು ಬಿಟ್ಟೋಗಿಲ್ಲ. ವರ್ಷಾ ವರ್ಷಾ ಹಾಡಿಯೋರೆಲ್ಲ ಕೊಡಗಿಗೆ ಕಾಫಿ ಕುಯ್ಯಕ್ಕೆ ಓಯ್ತೀವಿ. ಕುಯ್ಲು ಮುಗಿದ್ ತಕ್ಷಣ ಬಂದೆ. ಒಳಕ್ ಬುಡ್ನಿಲ್ಲ."

ಶಾಲೆ ಹಾಡಿಯಿಂದ ದಿನಾ ಓಡಾಡುವಷ್ಟು ಹತ್ತಿರವಿರಲಿಲ್ಲ. ಹಾಸ್ಟೆಲ್ ತಪ್ಪಿದ್ದಕ್ಕೆ ಪರೀಕ್ಷೆಯೂ ತಪ್ಪಿತ್ತು. ಈ ವರ್ಷ ಮತ್ತೆ ಸೇರಿಸಿಕೊಳ್ಳುವಂತೆ ಬರೆಯಿರಿ ಎಂದು ಕೇಳಿದಳು. "ಬರೀತೀನಮ್ಮ" ಎಂದು ಬಸ್ಸು ಹತ್ತಿದೆ.

ದಾರಿಯುದ್ದಕ್ಕೂ ವರದಿಯನ್ನು ಚೀಲದಿಂದ ತೆಗೆದೆ, ಒಳಗಿಟ್ಟೆ, ಮತ್ತೆ ತೆಗೆದೆ. ಅವಳನ್ನು ಸೇರಿಸಬೇಕಾದರೆ ಗೆರೆ ಬಿದ್ದ ಒಬ್ಬೊಬ್ಬರ ಹಾಡಿಗೂ ಹೋಗಿ ಕೇಳಬೇಕು, ಕೋಷ್ಟಕವನ್ನು ಮೊದಲಿನಿಂದ ಹಾಕಬೇಕು. ಎಲ್ಲರೂ ಪಾಸು ಎನ್ನುವ ಆ ಕೋಷ್ಟಕ ನೋಡಲು ಎಷ್ಟು ಚೆನ್ನಾಗಿತ್ತು! ಹುಣಸೂರಿನಲ್ಲಿ ಬಸ್ಸು ಬದಲಿಸುವಾಗ ಅಂಚೆ ಡಬ್ಬಿಗೆ ಹಾಕಿಯೇಬಿಟ್ಟೆ. ಆತುರಗಾರನಿಗೆ ಬುದ್ಧಿ ಮಟ್ಟ. ಅವಳ ವಿಷಯ ಬೇರೆ ಕಾಗದದಲ್ಲಿ ಬರೆದರಾಯಿತು ಅಂದುಕೊಂಡೆ. ಬರೆಯಲಿಲ್ಲ.

ಜುಲೈನಲ್ಲಿ ಸಮಿತಿಯ ಆದೇಶದ ಪ್ರತಿ ನನಗೂ ಬಂತು. ನನ್ನ ವರದಿಯನ್ನು ಹೊಗಳಿದ್ದರು. ಇಂಥ ಫಲಿತಾಂಶ ಕೆಡಬಾರದೆಂದು, ನಡುವೆ ಬಿಡುವವರಲ್ಲಿ ಹೆಚ್ಚಿನವರಾದ ಕಾಫಿ ಕುಯ್ಲಿಗೆ ಹೋಗುವ ಮನೆಯ ಮಕ್ಕಳನ್ನು ಇನ್ನು ಸೇರಿಸಿಕೊಳ್ಳಕೂಡದು ಎಂದು ತೀರ್ಮಾನಿಸಿದ್ದರು. ರಜೆ ಹಾಕಿ ಮೊದಲ ಬಸ್ಸಿಗೇ ಓಡಿದೆ.

ಹಾಸ್ಟೆಲಿನ ಜಗಲಿಯ ಮೇಲೆ ಅವಳೂ ಅವಳ ತಾಯಿಯೂ ಬಟ್ಟೆಗಂಟು ಇಟ್ಟುಕೊಂಡು ಕೂತಿದ್ದರು. ಸೇರಲು ಬಂದಿದ್ದರು. ವಾರ್ಡನಮ್ಮ ಬಾಯಿಬಿಟ್ಟು ಹೇಳಲಾರದೆ ಆದೇಶವನ್ನೇ ಅವಳ ಕೈಗೆ ಕೊಟ್ಟಿದ್ದರು. ನಾನು ಮೆಟ್ಟಿಲ ಬಳಿಯೇ ನಿಂತೆ. ಅವಳು ತಾಯಿಗೆ ಕೇಳುವಂತೆ ಜೋರಾಗಿ ಓದುತ್ತಿದ್ದಳು. ನಾನು ಬೆಂಚಿನ ಮೇಲೆ ಕೂತು ಬರೆದ ವಾಕ್ಯವನ್ನು ಅದರಲ್ಲಿ ಹಾಗೇ ಹಾಕಿದ್ದರು. ಅದನ್ನೂ ಓದಿದಳು, ಎಲ್ಲೂ ತಡವರಿಸದೆ.

"ಏನಂತೆ ಮಗಾ?" ತಾಯಿ ಕೇಳಿದಳು.

ಅವಳು ನನ್ನನ್ನೇ ನೋಡುತ್ತಾ ಹೇಳಿದಳು, "ನಮ್ಗೆ ಓದಕ್ಕೆ ಆಸಕ್ತಿ ಇಲ್ವಂತೆ ಕಣವ್ವ."