ಖಾಲಿ ಚೀಲಗಳ ದೊಡ್ಡ ಅಲೆ

ಮೊದಲಿಗೇ ಓದುಗರ ಕ್ಷಮೆ ಕೇಳಬೇಕು. ದೋಣಿಯ ವಿಷಯ ಬರೆಯುವ ಅರ್ಹತೆ ನನಗಿಲ್ಲ. ಹಗಲು ಕರಡು ತಿದ್ದುತ್ತ ಸಂಜೆ ಕಾಲೇಜಿನಲ್ಲಿ ಓದಿಕೊಂಡವನು ನಾನು. ನೀರು ಮೊಣಕಾಲು ದಾಟಿದರೆ ಹೆದರುತ್ತೇನೆ. ಹಳೆಯ ದೋಣಿಗಳನ್ನು ನೋಡಿ, ಆರಿಸಿ, ಸಜ್ಜು ಮಾಡಿಕೊಡುವ ಹೆಂಗಸೊಬ್ಬರ ಬಗ್ಗೆ ನಾಲ್ಕು ಒಳ್ಳೆಯ ಮಾತು ಬರೆದು ಮುಗಿಸೋಣವೆಂದು ಹೋಗಿದ್ದೆ. ಅಲ್ಲಿ ಕಂಡದ್ದು ಬೇರೆ. ಬರೆದು ಹರಿದು, ಮತ್ತೆ ಬರೆದಿದ್ದೇನೆ. ತಪ್ಪಿದ್ದರೆ ಅದು ನನ್ನದು, ಅವರದಲ್ಲ.

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಜಲಾಶಯದ ದಡದಲ್ಲಿ, ದೋಣಿ ಇಳಿಸುವ ಕಾಂಕ್ರೀಟ್ ಇಳಿಜಾರಿನ ಮೇಲೆ ಅವರು ಅಂಗಾತ ಮಲಗಿದ್ದಾರೆ. ಮೇಲೆ ಟ್ರೇಲರ್, ಟ್ರೇಲರಿನ ಮೇಲೆ ಬಿಳಿ ನೀಲಿ ಬಣ್ಣದ ದೋಣಿ. ಕೈಯಲ್ಲಿ ಮರದ ಸಣ್ಣ ಕೊಡತಿ. ದೋಣಿಯ ಹೊಟ್ಟೆಗೆ ಟಕ್ ಎಂದು ತಟ್ಟುತ್ತಾರೆ, ಕಿವಿಗೊಡುತ್ತಾರೆ, ಒಂದು ಗೇಣು ಸರಿದು ಮತ್ತೆ ತಟ್ಟುತ್ತಾರೆ. "ಗಟ್ಟಿ ಇದ್ರೆ ಬಾಗಿಲು ತಟ್ಟಿದ ಹಾಗೆ ಕೇಳುತ್ತೆ. ಕೊಳೆತಿದ್ರೆ ಹಾಸಿಗೆ ತಟ್ಟಿದ ಹಾಗೆ" ಎಂದು ಮಲಗಿದಲ್ಲಿಂದಲೇ ನನಗೆ ಹೇಳುತ್ತಾರೆ. ಜಲಾಶಯದ ಸುತ್ತಮುತ್ತ ಎಲ್ಲರಿಗೂ ಅವರು ಕೊಡತಿಯಕ್ಕ. ನಿಜವಾದ ಹೆಸರು ಕೇಳಿದರೆ ನಗುತ್ತಾರೆ: "ಅದು ಬ್ಯಾಂಕಿನವರಿಗೆ ಮಾತ್ರ ಬೇಕಾಗಿರೋದು."

ವೇಕ್‌ಬೋರ್ಡಿಂಗ್ ಎಂಬ ಆಟವನ್ನು ನೋಡದವರಿಗೆ ಎರಡು ಮಾತು. ಕಾಲುಗಳನ್ನು ಹಲಗೆಗೆ ಬಿಗಿದುಕೊಂಡು, ದೋಣಿ ಎಳೆಯುವ ಹಗ್ಗ ಹಿಡಿದು, ದೋಣಿಯ ಹಿಂದೆ ಏಳುವ ಅಲೆಯ ಮೇಲಿಂದ ಹಾರುವ ಆಟ ಅದು. ದೋಣಿ ಎಷ್ಟು ಭಾರವೋ ಅಲೆ ಅಷ್ಟು ದೊಡ್ಡದು. ಅದಕ್ಕಾಗಿಯೇ ಈ ದೋಣಿಗಳ ಒಳಗೆ ದೊಡ್ಡ ದೊಡ್ಡ ಚೀಲಗಳಿರುತ್ತವೆ. ಆಟಕ್ಕೆ ಮೊದಲು ಪಂಪಿನಿಂದ ಅವಕ್ಕೆ ನೀರು ತುಂಬಿಸುತ್ತಾರೆ, ಆಟ ಮುಗಿದ ಮೇಲೆ ಖಾಲಿ ಮಾಡುತ್ತಾರೆ. ಹೊಸ ದೋಣಿ ಸಾಮಾನ್ಯ ಕುಟುಂಬದ ಕೈಗೆ ಎಟುಕುವುದಿಲ್ಲ. ಹಳೆಯದನ್ನು ಕೊಳ್ಳಬೇಕು. ಹಳೆಯದನ್ನು ಕೊಳ್ಳುವಾಗ ಹೊಳಪು ನೋಡಿ ಮರುಳಾಗದ ಕಣ್ಣು ಬೇಕು. ಆ ಕಣ್ಣೇ ಕೊಡತಿಯಕ್ಕನ ಕಸುಬು.

ಇಂದು ಅವರನ್ನು ಕರೆಸಿಕೊಂಡ ಕುಟುಂಬ ದಡದಲ್ಲಿ ಸಾಲಾಗಿ ನಿಂತಿದೆ. ಅಪ್ಪ ಬೇಕರಿಯಲ್ಲಿ ರೊಟ್ಟಿ ಸುಡುವವರು, ಒಲೆಯ ಮುಂದಿನಿಂದ ನೇರ ಬಂದಿದ್ದಾರೆ, ತೋಳಿನ ಮೇಲೆ ಇನ್ನೂ ಹಿಟ್ಟಿದೆ. ಅಮ್ಮ ದರ್ಜಿ. ಹದಿಮೂರರ ಮಗಳು ಬೆಳಗಿನ ಚಳಿಗೆ ನಡುಗುತ್ತ ಹಲಗೆಯನ್ನು ಅಪ್ಪಿಕೊಂಡಿದ್ದಾಳೆ. ಬರಬೇಡವೆಂದರೂ ಬಂದ ಅಜ್ಜಿ ಎಲ್ಲರಿಗಿಂತ ಮೊದಲೇ ಲೈಫ್ ಜಾಕೆಟ್ ತೊಟ್ಟು, ಅದರ ಮೇಲೆ ಕೈಚೀಲ ನೇತುಹಾಕಿಕೊಂಡಿದ್ದಾರೆ.

"ನನಗೂ ಈಜು ಬರಲ್ಲ, ನನ್ನ ಮಗನಿಗೂ ಬರಲ್ಲ" ಎನ್ನುತ್ತಾರೆ ಅಜ್ಜಿ. "ಬಿದ್ರೆ ಸೊಸೇನೇ ಎಳೀಬೇಕು. ಗಂಡನ್ನ ಮೊದಲು ಎಳೀತಾಳೆ, ನೋಡ್ತಿರು."

"ಇಲ್ಲ ಅತ್ತೆ, ನಿಮ್ಮನ್ನೇ ಮೊದಲು" ಎನ್ನುತ್ತಾರೆ ಸೊಸೆ. "ಮನೆ ಬೀಗದ ಕೈ ನಿಮ್ಮ ಚೀಲದಲ್ಲಲ್ವಾ ಇರೋದು?"

ಕೊಡತಿಯಕ್ಕ ಹುಡುಗಿಯಾಗಿದ್ದಾಗ ಫೈಬರಿನ ನೀರಿನ ತೊಟ್ಟಿ ಮಾಡುವ ಕಾರ್ಖಾನೆಗೆ ಸೇರಿದವರು. ಫೈಬರಿನೊಳಗಿನ ಗಾಜಿನ ಪುಡಿ ಚರ್ಮಕ್ಕೆ ಹೊಕ್ಕು, ರಾತ್ರಿಯೆಲ್ಲ ತುರಿಸಿ, ಮೊಣಕೈಗಳಲ್ಲಿ ಇವತ್ತಿಗೂ ಕಲೆಗಳಿವೆ. ಕಾರ್ಖಾನೆ ಮುಚ್ಚಿದ ಮೇಲೆ ದೋಣಿಗಳ ಬಿರುಕು ಮುಚ್ಚುವ ಕೆಲಸ ಹಿಡಿದರು. ಬಿರುಕು ಮುಚ್ಚುತ್ತ ಮುಚ್ಚುತ್ತ ಎಲ್ಲಿ ಬಿರಿಯುತ್ತದೆ, ಯಾಕೆ ಬಿರಿಯುತ್ತದೆ ಎಂಬುದು ಕೈಗೆ ಹತ್ತಿತು. ಈಗ ಬೇಸಿಗೆಯಲ್ಲಿ ವಾರಕ್ಕೆ ಎರಡೋ ಮೂರೋ ದೋಣಿ ನೋಡುತ್ತಾರೆ. ಅಂಗಡಿ ಇಲ್ಲ, ಫಲಕ ಇಲ್ಲ. ಒಂದು ಹಳೆಯ ವ್ಯಾನು, ಒಂದು ಪೆಟ್ಟಿಗೆ ಉಪಕರಣ, ಒಂದು ಫ್ಲಾಸ್ಕು.

ಈ ಕುಟುಂಬಕ್ಕಾಗಿ ಅವರು ಆಗಲೇ ಎರಡು ದೋಣಿ ಬೇಡವೆಂದಿದ್ದಾರೆ. ಒಂದರ ಎಂಜಿನ್ ಆಯಿಲ್ ಹಾಲು ಬೆರೆಸಿದ ಕಾಫಿಯ ಬಣ್ಣದಲ್ಲಿತ್ತು, ಅಂದರೆ ಒಳಗೆ ನೀರು ಸೇರಿತ್ತು. ಇನ್ನೊಂದರಲ್ಲಿ ಹಗ್ಗ ಕಟ್ಟುವ ಕಬ್ಬಿಣದ ಕಮಾನಿನ ಬುಡ ಅಲುಗಾಡುತ್ತಿತ್ತು. ಮೂರನೆಯದೇ ಈಗ ಟ್ರೇಲರಿನ ಮೇಲಿರುವುದು. ಇದು ಅವರ ಸ್ವಂತ ಅಕ್ಕನ ಗಂಡನದು. ಅಕ್ಕನ ಮಕ್ಕಳು ಬೆಳೆದು ಈ ವರ್ಷ ಆಟ ಬಿಟ್ಟಿದ್ದಾರೆ, ದೋಣಿ ಸುಮ್ಮನೆ ನಿಂತಿದೆ. ದೋಣಿಯನ್ನು ತಂದು ದಡದಲ್ಲೇ ನಿಂತಿರುವ, ಪೇಂಟ್ ಅಂಗಡಿಯ ಈ ಭಾವ ನಗುಮುಖದ, ದೊಡ್ಡ ದನಿಯ ಮನುಷ್ಯ. ಜಲಾಶಯದಲ್ಲಿ ಅವರ ದೋಣಿಗೆ ದೊಡ್ಡ ಹೆಸರು: ಚೀಲಕ್ಕೆ ಹನಿ ನೀರು ತುಂಬದಿದ್ದರೂ ಅದರ ಹಿಂದೆ ಸೊಂಟದೆತ್ತರ ಅಲೆ ಏಳುತ್ತದೆ. 'ಪೇಂಟ್ ಅಂಗಡಿ ಅಲೆ' ಎಂದೇ ಹುಡುಗರು ಕರೆಯುತ್ತಾರೆ. ಕೊಡತಿಯಕ್ಕನೂ ಆ ಕುಟುಂಬಕ್ಕೆ ಹೇಳಿಬಿಟ್ಟಿದ್ದರು: "ನಮ್ಮ ಭಾವನ ದೋಣಿ. ಕಣ್ಣು ಮುಚ್ಚಿಕೊಂಡು ತಗೊಳ್ಳಿ."

ಆದರೂ ತಟ್ಟಿ ನೋಡುತ್ತಿದ್ದಾರೆ. ಅದು ಅಭ್ಯಾಸ. ತಳವೆಲ್ಲ ಬಾಗಿಲಿನಂತೆಯೇ ಕೇಳುತ್ತದೆ. ಒಳಗಿನ ನೆಲ ಮಾತ್ರ ಏನೂ ಹೇಳುವುದಿಲ್ಲ, ಏಕೆಂದರೆ ಭಾವ ಹೋದ ತಿಂಗಳಷ್ಟೇ ಅದರ ಮೇಲೆ ದಪ್ಪ ರಬ್ಬರ್ ಚಾಪೆ ಅಂಟಿಸಿದ್ದಾರೆ. "ಚಾಪೆ ಮೇಲೆ ತಟ್ಟಿದ್ರೆ ಚಾಪೇದೇ ಸದ್ದು" ಎಂದು ಗೊಣಗಿ ಕೊಡತಿಯನ್ನು ಪೆಟ್ಟಿಗೆಗೆ ಹಾಕುತ್ತಾರೆ.

ದೋಣಿ ನೀರಿಗಿಳಿಯುತ್ತದೆ. ಹೊತ್ತೇರಿದರೆ ಬೇರೆ ದೋಣಿಗಳು ನೀರು ಕಲಕುತ್ತವೆ, ಆಮೇಲೆ ಎದ್ದ ಅಲೆ ಯಾರದೆಂದು ತಿಳಿಯುವುದಿಲ್ಲ. ಅದಕ್ಕೇ ಈ ಪರೀಕ್ಷೆ ನಸುಕಿನಲ್ಲೇ. ಹೊರಡುವ ಮೊದಲು ಒಂದು ಕಟ್ಟಪ್ಪಣೆ. ಮಗಳು ಹಿಂಬದಿಯ ಮೆಟ್ಟಿಲು ಹಲಗೆಯ ಮೇಲೆ ಕಾಲು ಇಳಿಬಿಟ್ಟು ಕುಳಿತಿದ್ದಳು. ಕೊಡತಿಯಕ್ಕ ಎಂಜಿನ್ ಆರಿಸುತ್ತಾರೆ.

"ಎದ್ದೇಳು ಪುಟ್ಟಿ. ಎಂಜಿನ್ ಓಡುವಾಗ ಅಲ್ಲಿ ಯಾರೂ ಕೂರಬಾರದು. ಹೊಗೆ ಅಲ್ಲೇ ಬರೋದು. ಅದರಲ್ಲಿರೋ ವಿಷಕ್ಕೆ ವಾಸನೆ ಇಲ್ಲ. ನಿದ್ದೆ ಬಂದ ಹಾಗೆ ತೂಗಾಡಿ ನೀರಿಗೆ ಜಾರ್ತಾರೆ, ಕೂಗೋದೂ ಇಲ್ಲ."

ಮಗಳು ಹಾರಿ ಒಳಗೆ ಬರುತ್ತಾಳೆ. ನಾನೂ ಹಿಂಬದಿಯಿಂದ ದೂರ ಸರಿಯುತ್ತೇನೆ. ಅಂದಿನ ಆಘಾತ ಅದೇ ಎಂದುಕೊಂಡಿದ್ದೆ.

ಅಮ್ಮ, ಅಜ್ಜಿ, ನಾನು ಮೂಗಿನ ಕಡೆಯ ಸೀಟಿನಲ್ಲಿ. ಕೊಡತಿಯಕ್ಕ ಸ್ಟೀರಿಂಗ್ ಹಿಡಿದಿದ್ದಾರೆ. ಮಗಳು ನೀರಿನಿಂದ ಮೇಲೇಳುತ್ತಾಳೆ, ಹಿಂದೆ ಅಲೆ ಏಳುತ್ತದೆ. ಏನು ಅಲೆ! ಗಾಜಿನಂತೆ ನುಣುಪು. ಮಗಳು ಅದರ ನೆತ್ತಿಯಿಂದ ಹಾರಿ ಆಚೆ ಬದಿಗೆ ಇಳಿದಾಗ ಬೇಕರಿಯವರು ದಡದಲ್ಲಿ ಕುಣಿಯುವುದು ಇಲ್ಲಿಗೇ ಕಾಣುತ್ತದೆ. "ಚೀಲ ಎಲ್ಲಾ ಖಾಲಿ, ನೋಡಿದ್ರಾ?" ಎಂದು ಭಾವ ದಡದಿಂದ ಕೂಗುತ್ತಾರೆ. ಕೊಡತಿಯಕ್ಕನೂ ನಗುತ್ತಾರೆ.

ದೋಣಿಯನ್ನು ಮೇಲೆಳೆದ ಮೇಲೆ ಅವರದೊಂದು ಪದ್ಧತಿ ಇದೆ. ಮೂಗು ಮೇಲಾಗಿ ಇಳಿಜಾರಿನಲ್ಲೇ ನಿಲ್ಲಿಸಿ, ಹಿಂಬದಿಯ ತಳದಲ್ಲಿರುವ ಬಿರಡೆ ಬಿಚ್ಚುತ್ತಾರೆ. ಫ್ಲಾಸ್ಕಿನಿಂದ ಎಲ್ಲರಿಗೂ ಚಹಾ ಕೊಡುತ್ತಾರೆ. ಒಳಗೆ ಸಿಡಿದ ಅಷ್ಟಿಷ್ಟು ನೀರು ಹರಿದು, ಚಹಾ ಮುಗಿಯುವುದರೊಳಗೆ ತೊಟ್ಟಿಕ್ಕುವುದು ನಿಲ್ಲಬೇಕು.

ಚಹಾ ಮುಗಿಯುತ್ತದೆ. ನೀರು ನಿಲ್ಲುವುದಿಲ್ಲ. ಸಣ್ಣ ಧಾರೆ, ಬೆರಳಿನ ದಪ್ಪವೂ ಇಲ್ಲ, ಆದರೆ ಒಂದೇ ಸಮನೆ. ಕೊಡತಿಯಕ್ಕ ಇನ್ನೊಂದು ಲೋಟ ಸುರಿದುಕೊಳ್ಳುತ್ತಾರೆ. ಕುಡಿಯುವುದಿಲ್ಲ. ಟ್ರೇಲರಿನ ಟೈರು ನೋಡುತ್ತಾರೆ. ಅದು ನೆಲಕ್ಕೆ ಚಪ್ಪಟೆಯಾಗಿ ಅಮುಕಿಕೊಂಡಿದೆ. ಧಾರೆಗೆ ಅಂಗೈ ಒಡ್ಡಿ ಮೂಸುತ್ತಾರೆ. ಜಲಾಶಯದ ನೀರು ತಿಳಿಯಾಗಿತ್ತು. ಇದು ಕಂದು. ಹೂದಾನಿಯಲ್ಲಿ ವಾರಗಟ್ಟಲೆ ಬಿಟ್ಟ ನೀರಿನ ವಾಸನೆ.

"ಭಾವ, ಇದು ಇವತ್ತಿನ ನೀರಲ್ಲ."

"ನೀರಲ್ಲಿದ್ದ ದೋಣಿಯಿಂದ ನೀರು ಬರದೆ ಹಾಲು ಬರುತ್ತೇನಮ್ಮ?" ಭಾವ ನಗುತ್ತಾರೆ.

"ನೆಲ ಕೊರೀಬೇಕು."

ನಗು ನಿಲ್ಲುತ್ತದೆ. "ತಲೆ ನೆಟ್ಟಗಿದೆಯಾ ನಿಂಗೆ? ಹೊಸ ಚಾಪೆ ಅದು."

"ಅಕ್ಕನಿಗೆ ನಾನು ಹೇಳ್ತೀನಿ."

"ಅಕ್ಕನ ಹೆಸರು ಎತ್ತಬೇಡ. ಕೊರೆದ್ರೆ ನಮ್ಮನೆ ಹೊಸ್ತಿಲು ಮೆಟ್ಟಬೇಡ, ಅಷ್ಟೇ."

ಬೇಕರಿಯವರು ಸಂಕೋಚದಿಂದ ಕೈ ಉಜ್ಜಿಕೊಳ್ಳುತ್ತಾರೆ. "ಬೇಡ ಬಿಡಿ ಅಕ್ಕ, ನಮ್ಮಿಂದ ನಿಮ್ಮ ನಿಮ್ಮಲ್ಲಿ ಯಾಕೆ ಮನಸ್ತಾಪ. ಅಲೆ ಚೆನ್ನಾಗೇ ಇತ್ತಲ್ಲ."

"ನೀನು ಸುಮ್ನಿರೋ" ಎನ್ನುತ್ತಾರೆ ಅಜ್ಜಿ. "ಅದರಲ್ಲಿ ಕೂರೋದು ನನ್ನ ಮೊಮ್ಮಗಳು. ನೀನು ಕೊರಿಯಮ್ಮ."

ಕೊಡತಿಯಕ್ಕ ಭಾವನ ಮುಖವನ್ನು ನೋಡುತ್ತಾರೆ. ಭಾವ ಹೂಂ ಎನ್ನಲಿಲ್ಲ, ತಡೆಯಲೂ ಇಲ್ಲ. ಅವರು ಡ್ರಿಲ್ ತೆಗೆಯುತ್ತಾರೆ.

ನೆಲದಲ್ಲಿ ಸುತ್ತಲೂ ಕೊರೆದ ತಟ್ಟೆಯಗಲದ ತುಂಡು ಸಲೀಸಾಗಿ ಮೇಲೆ ಬರುತ್ತದೆ. ಈ ದೋಣಿಗಳ ನೆಲಕ್ಕೂ ತಳಕ್ಕೂ ನಡುವೆ ಫೋಮ್ ತುಂಬಿರುತ್ತಾರೆ. ದೋಣಿಗೆ ನೀರು ನುಗ್ಗಿದರೂ ಪೂರ್ತಿ ಮುಳುಗದಂತೆ ಎತ್ತಿ ಹಿಡಿಯಬೇಕಾದದ್ದು ಅದೇ. ಕೊಡತಿಯಕ್ಕ ಕೈ ಇಳಿಸಿ ಒಂದು ಹಿಡಿ ಕಿತ್ತು ಹಿಂಡುತ್ತಾರೆ. ಪಾತ್ರೆ ಉಜ್ಜುವ ಸ್ಪಂಜಿನಂತೆ ಅದರಿಂದ ಕಂದು ನೀರು ಮೊಣಕೈವರೆಗೆ ಇಳಿಯುತ್ತದೆ. ಮತ್ತೆ ಕೈ ಇಳಿಸುತ್ತಾರೆ. ಈ ಸಲ ನೆಲವನ್ನು ಹೊತ್ತಿದ್ದ ಮರದ ತೊಲೆಯ ಚೂರು ಬರುತ್ತದೆ. ಬೆರಳಲ್ಲಿ ಒತ್ತಿದರೆ ಕಲಸಿಹೋಗುತ್ತದೆ.

"ನೆನೆದ ರಸ್ಕು" ಎಂದು ಬೇಕರಿಯವರ ಬಾಯಿಂದ ಹೊರಡುತ್ತದೆ.

"ಚೀಲ ಖಾಲಿ ಇತ್ತು, ದೋಣಿ ತುಂಬಿತ್ತು" ಎನ್ನುತ್ತಾರೆ ಕೊಡತಿಯಕ್ಕ. "ಅದಕ್ಕೇ ಆ ಅಲೆ. ವರ್ಷಗಳಿಂದ ಮುಳುಗ್ತಾ ಇರೋ ದೋಣೀನ ನಾವೆಲ್ಲ ಹೊಗಳ್ತಾ ಇದ್ವಿ. ಮುಂದಿನಿಂದ ಒಂದು ಅಲೆ ಒಳಗೆ ನುಗ್ಗಿದ್ರೆ ಎತ್ತಿ ಹಿಡಿಯೋಕೆ ಏನೂ ಇರಲಿಲ್ಲ."

ಆಗ ತಾನೇ ನಾವು ಮೂವರು ಅದರ ಮುಂಭಾಗದಲ್ಲೇ ಕುಳಿತಿದ್ದೆವು. ಅಜ್ಜಿ ಅಂದು ಲೈಫ್ ಜಾಕೆಟ್ ಬಿಚ್ಚಲೇ ಇಲ್ಲ, ಮನೆಗೆ ಹೋಗುವ ಕಾರಿನಲ್ಲೂ. ಅಮ್ಮ ಮಗಳ ಒದ್ದೆ ಕೂದಲನ್ನು ಮತ್ತೆ ಮತ್ತೆ ಹಿಂಡುತ್ತಿದ್ದರು, ಅದು ಒಣಗಿದ ಮೇಲೂ. ಭಾವನ ಮುಖದಲ್ಲಿ ಅವರ ಅಂಗಡಿಯ ಸುಣ್ಣದ ಬಣ್ಣ. "ನನ್ನ ಮಕ್ಕಳೇ ಕೂರ್ತಿದ್ರು ಕಣೇ ಇದರಲ್ಲಿ" ಎಂದರು. "ನನ್ನ ಮಕ್ಕಳು! ಗೊತ್ತಿದ್ರೆ ಕೂರಿಸ್ತಿದ್ನಾ?" ಕೊಡತಿಯಕ್ಕ ಇಳಿಜಾರಿನ ಮೇಲೇ ಕೂತರು. "ಹೋದ ಬೇಸಿಗೆ ನಾನೂ ಕೂತಿದ್ದೆ, ಭಾವ. ಅಕ್ಕ, ಮಕ್ಕಳು, ಅವರ ಸ್ನೇಹಿತರು, ಎಲ್ಲಾ ಒಟ್ಟಿಗೆ. ಅಲೆ ನೋಡಿ ಶಿಳ್ಳೆ ಹೊಡೆದಿದ್ದೆ ನಾನು."

ಎರಡು ವಾರದ ನಂತರ ಆ ಕುಟುಂಬಕ್ಕೆ ಬೇರೆ ದೋಣಿ ಸಿಕ್ಕಿತು. ಬಣ್ಣ ಮಾಸಿದ, ಸೀಟು ಹರಿದ, ಮೆಂತ್ಯದ ಬಣ್ಣದ್ದು. ಈ ಸಲ ಕೊಡತಿಯಕ್ಕ ಮೊದಲು ಮಾಡಿದ ಕೆಲಸ ಚಾಪೆ ಕಿತ್ತದ್ದು. ಗೇಣು ಗೇಣಿಗೂ ತಟ್ಟಿದರು. ಎಂಜಿನ್ ತಂಪಾಗಿಡಲು ನೀರು ಎತ್ತುವ ರಬ್ಬರ್ ಚಕ್ರ ಹೊಸದು ಹಾಕಿದರು, ಕಮಾನಿನ ಬೋಲ್ಟುಗಳನ್ನು ಬಿಚ್ಚಿ ಬಿಗಿದರು, ಹಿಂದೆ ಹಗ್ಗ ಹಿಡಿದವರು ಕಾಣುವಂತೆ ಕನ್ನಡಿ ಕೂರಿಸಿದರು. ಸೀಟುಗಳನ್ನು ಮನೆಯ ದರ್ಜಿಯೇ ಹೊಲಿದರು. ಚೀಲಗಳಿಗೆ ಎರಡೂ ಬದಿಗೆ ಸಮನಾಗಿ ನೀರು ತುಂಬುವುದನ್ನು ಬೇಕರಿಯವರಿಗೆ ಕಲಿಸಿದರು. "ಹಿಟ್ಟು ಅಳೆದ ಹಾಗೆ ಅಳೀರಿ" ಎಂದರೆ ಅವರಿಗೆ ಕೂಡಲೇ ಅರ್ಥವಾಯಿತು.

ಮಗಳು ಮೊದಲ ಸುತ್ತು ಮುಗಿಸಿ ಮುಖ ಸಪ್ಪೆ ಮಾಡಿಕೊಂಡಳು. "ಅಲೆ ಚಿಕ್ಕದು, ಅಕ್ಕ."

"ದೊಡ್ಡದು ಬೇಕಾದ್ರೆ ಚೀಲ ತುಂಬಿಸು. ಸಾಕಾದಾಗ ಖಾಲಿ ಮಾಡು. ಇದು ನೀನು ಹೇಳಿದ ಹಾಗೆ ಕೇಳುತ್ತೆ."

ಈ ಕೆಲಸದಲ್ಲಿ ನಿಮಗೆ ಹೆಮ್ಮೆ ಅನ್ನಿಸಿದ್ದು ಯಾವಾಗ ಎಂದು ನಾನು ಕೇಳಿದೆ. ಇಂಥ ಲೇಖನಗಳಲ್ಲಿ ಕೇಳಲೇಬೇಕಾದ ಪ್ರಶ್ನೆ. ಅವರು ಕೈಯ ಗ್ರೀಸು ಒರೆಸಿಕೊಳ್ಳುತ್ತ, "ಹೆಮ್ಮೆ ಎಲ್ಲಿ ಬಂತು" ಎಂದರು. "ಕಣ್ಣು ಮುಚ್ಚಿಕೊಂಡು ತಗೊಳ್ಳಿ ಅಂದಿದ್ದು ನಾನೇ ಅಲ್ವಾ? ಇನ್ನು ಯಾರ ದೋಣಿಗೂ ಆ ಮಾತು ಆಡಲ್ಲ." ಆಸೆ ಏನಾದರೂ ಇದೆಯೇ ಎಂದೆ. "ಅಕ್ಕ ಒಂದ್ಸಲ ಫೋನ್ ಎತ್ತಿದ್ರೆ ಸಾಕು. ಬೈಯೋಕಾದ್ರೂ ಸರಿ." ಆ ಬೆಳಗಿನಿಂದ ಅಕ್ಕ ತಂಗಿಯ ಫೋನ್ ಎತ್ತಿಲ್ಲ.

ಒಂದು ಕಡೆಯ ಮಾತನ್ನಷ್ಟೇ ಬರೆಯಬಾರದೆಂದು ನಾನು ಅಕ್ಕನಿಗೆ ಫೋನ್ ಮಾಡಿದೆ. ಸಿಟ್ಟನ್ನು ನಿರೀಕ್ಷಿಸಿದ್ದೆ. ಅವರು ಮೆಲ್ಲಗೆ ಮಾತಾಡಿದರು.

"ಅವಳ ಮೇಲೆ ಕೋಪ ಅಂತ ಯಾರು ಹೇಳಿದ್ದು ನಿಮಗೆ? ಅವಳು ಮಾಡಿದ್ದು ಸರಿ. ಮಕ್ಕಳು ಚಿಕ್ಕವರಿದ್ದಾಗ ಮಧ್ಯಾಹ್ನ ಆ ದೋಣಿ ನೆಲದ ಮೇಲೇ ಟವೆಲ್ ಹಾಸಿ ಮಲಗಿಸ್ತಿದ್ದೆ, ನೀರಿನ ನಡುವೆ. ತಂಪಾಗಿದೆ ಅಂತ. ಫೋನಲ್ಲಿ ಅವಳ ಹೆಸರು ಬಂದ ಕೂಡಲೇ ಆ ನೆಲ ಕಣ್ಮುಂದೆ ಬರುತ್ತೆ. ಕೈ ಏಳಲ್ಲ, ಅಷ್ಟೇ."

ಇದನ್ನು ಬರೆಯಬಹುದೇ ಎಂದು ಕೇಳಿದೆ. "ಬರೀರಿ. ಅವಳು ಓದ್ಲಿ" ಎಂದರು.

ಇನ್ನೊಂದು ಉಳಿದಿದೆ. ಆ ಹೊಸ ಚಾಪೆ ಅಂಟಿಸುವಾಗ ಕೆಳಗಿನ ನೆಲ ಮೆತ್ತಗಾಗಿದ್ದುದು ಭಾವನ ಕೈಗೆ ತಿಳಿದಿತ್ತೇ? ಹಳೆಯದು ಹರಿದಿತ್ತು, ಅದಕ್ಕೇ ಹಾಕಿದೆ ಎಂದು ಆ ಬೆಳಿಗ್ಗೆ ಅವರು ನನಗೆ ಹೇಳಿದ್ದರು. ಆಮೇಲೆ ದೋಣಿಯನ್ನು ತಾವೇ ನಿಂತು ತುಂಡು ಮಾಡಿಸಿದ್ದಾರೆ. ಹೆಂಡತಿ ಅವರನ್ನು ಕೇಳಿಲ್ಲ. ನಾದಿನಿಯೂ ಕೇಳಿಲ್ಲ. ಕೇಳಿಯೇಬಿಡೋಣವೆಂದು ನಾನು ಪೇಂಟ್ ಅಂಗಡಿಯವರೆಗೆ ಹೋದೆ. ಅವರು ಗಲ್ಲಾದ ಹಿಂದೆ ಒಬ್ಬರೇ ಕುಳಿತು, ಯಾವುದೋ ಡಬ್ಬಿಯ ಮುಚ್ಚಳವನ್ನು ತೆಗೆಯುತ್ತ ಮುಚ್ಚುತ್ತ ಇದ್ದರು. ನಾನು ಒಳಗೆ ಹೋಗಲಿಲ್ಲ. ಅವರಿಗೆ ಗೊತ್ತಿತ್ತೋ ಇಲ್ಲವೋ, ನನಗೆ ಗೊತ್ತಿಲ್ಲ.