ಅಜ್ಜಿ ಒಬ್ಬಳೇ ಇರುವ ಫೋಟೊ

ಗೆಳೆಯರೇ, ನಾಳೆ ನಮ್ಮಜ್ಜಿಯ ತಿಥಿ. ಹಾರ ಹಾಕಲು ಅವಳೊಬ್ಬಳೇ ಇರುವ ಫೋಟೊ ಮನೆಯಲ್ಲಿ ಒಂದೂ ಸಿಗಲಿಲ್ಲ. ಎಲ್ಲದರಲ್ಲೂ ಮಗುವೋ ಮೊಮ್ಮಗುವೋ ಸೊಂಟದ ಮೇಲಿದೆ. ಇದ್ದುದರಲ್ಲಿ ಚೆನ್ನಾಗಿರುವುದು ಕೂಸಾಗಿದ್ದ ನನ್ನನ್ನು ಎತ್ತಿಕೊಂಡಿರುವ ಫೋಟೊ. ಇಂದು ಅದನ್ನು ಹಿಡಿದು ದೊಡ್ಡಪ್ಪನ ಜೊತೆ ಗುಂಡ್ಲುಪೇಟೆಯ ಸ್ಟುಡಿಯೋಗೆ ಹೋದೆ.

“ಬದುಕಿರೋರ ಫೋಟೊಗೆ ಹಾರ ಆಕ್ಬಾರ್ದು ಕಣ್ಲಾ. ಮಗೀನ ತಗ್ದುಬುಡು,” ಎಂದರು ದೊಡ್ಡಪ್ಪ.

“ತಗೀಬೌದು ಕಣಣ್ಣ. ಕೈ ಮಾತ್ರ ಎತ್ಕಂಡಂಗೇ ಉಳ್ಕತದ,” ಎಂದ ಸ್ಟುಡಿಯೋದವನು.

“ಉಳ್ಕಳ್ಲಿ ಬುಡು. ನಮ್ಮವ್ವ ಯಾವತ್ತು ಬರೀ ಕೈಲಿ ನಿಂತಿದ್ಲು?” ಎಂದು ದೊಡ್ಡಪ್ಪ ಹೊರಗೆ ಹೋಗಿ ನಿಂತರು.

ಕಂಪ್ಯೂಟರಿನಲ್ಲಿ ನಾನು ಕಾಲಿನಿಂದ ಮೇಲಕ್ಕೆ ಅಳಿಸಿಹೋದೆ. ಅಜ್ಜಿ ಮಾತ್ರ ಇನ್ನೂ ಒಂದು ಕಡೆಗೆ ವಾಲಿಕೊಂಡೇ ನಗುತ್ತಿದ್ದಾಳೆ. ನಾಳೆ ಊಟಕ್ಕೆ ಬಂದವರು, ಪಾಪ, ಮುದುಕಿಗೆ ಸೊಂಟ ನೋವಿತ್ತೇನೋ ಅಂದುಕೊಳ್ಳಬಹುದು.